ಮರಳಿದ ವಿದ್ಯಾರ್ಥಿಗಳು ಮತ್ತು ಊರಿನ ಸೋಂಕು

ಹೊರಗಿನಿಂದ ಬಂದ ವಿದ್ಯಾರ್ಥಿಗಳೇ ಊರಿಗೆ ರೋಗ ತಂದರೆಂಬ ಮಾತನ್ನು ನಮ್ಮ ಬಜಗೋಳಿಯ ಪೇಟೆಯಲ್ಲಿಯೂ ನಾನು ಕೇಳಿದ್ದುಂಟು. ಅದು ಎಷ್ಟರಮಟ್ಟಿಗೆ ನಿಜ?

2021ರ ಮಾರ್ಚ್ ತಿಂಗಳಲ್ಲಿ ಮಣಿಪಾಲದ ಎಂ.ಐ.ಟಿ. ಆವರಣದಲ್ಲಿ ಕೊರೋನಾ ಹಬ್ಬಿತು. ಜಿಲ್ಲಾಡಳಿತವು ಅದನ್ನು ನಿರ್ಬಂಧಿತ ವಲಯವೆಂದು ಸಾರಿತು. ನಾನಾ ರಾಜ್ಯಗಳಿಂದ ಬಂದ ತರುಣರು ಒಂದೇ ಹಾಸ್ಟೆಲಿನಲ್ಲಿ ಮಲಗಿ, ಒಂದೇ ಭೋಜನಶಾಲೆಯಲ್ಲಿ ಉಣ್ಣುವವರು. ಈ ಸೋಂಕಾದರೋ ಜ್ವರ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ದಾಟಬಲ್ಲದು. ಹರೆಯದವರಲ್ಲಿ ಎಷ್ಟೋ ಸಲ ಲಕ್ಷಣವೇ ತೋರದು. ತಾನು ಆರೋಗ್ಯವಂತನೆಂದೇ ನಂಬಿದ ಹುಡುಗ ಚಹಾದಂಗಡಿಗೂ ಹೋಗುತ್ತಾನೆ, ಬಸ್ಸನ್ನೂ ಏರುತ್ತಾನೆ. ಅಲ್ಲಿ ಅವನ ಪಕ್ಕದಲ್ಲಿ ಕುಳಿತವರು ನನ್ನಂಥ ಹಿರಿಯರು. ಅರುವತ್ತು ದಾಟಿದವರಿಗೆ ಲಸಿಕೆ ಆರಂಭವಾದದ್ದೇ ಆ ಮಾರ್ಚ್ 1ರಂದು.

ಆದರೆ 2020ರ ಮೇ ತಿಂಗಳನ್ನು ನೆನೆಯಿರಿ. ಮುಂಬಯಿಯಿಂದ ನಮ್ಮ ಜಿಲ್ಲೆಗೆ ಸಾವಿರಾರು ಮಂದಿ ಮರಳಿದರು. ಅವರಲ್ಲಿ ಸೋಂಕಿತರೂ ಬಹಳವಿದ್ದರು. ಅವರನ್ನು ಮೊದಲು ಶಾಲೆ, ಹಾಸ್ಟೆಲುಗಳಲ್ಲಿ ಪ್ರತ್ಯೇಕವಾಗಿ ಇರಿಸಿದ್ದರಿಂದ ರೋಗವು ಬಹುಮಟ್ಟಿಗೆ ಅಲ್ಲಿಯೇ ಪತ್ತೆಯಾಯಿತು.

ಎಂದರೆ, ಬರುವುದು ಬೇರೆ, ಬೆರೆಯುವುದು ಬೇರೆ. ರೋಗ ಹಬ್ಬುವುದು ಬೆರೆಯುವುದರಿಂದ. ಮದುವೆಯ ಚಪ್ಪರದಲ್ಲಿ, ನೇಮದ ಅಂಗಳದಲ್ಲಿ ನಾವು ಮಾಡುವುದೂ ಅದನ್ನೇ. ಆದಕಾರಣ ಬಂದ ಮಕ್ಕಳನ್ನು ದೂರುವುದಕ್ಕಿಂತ, ಮೊದಲ ದಿನಗಳಲ್ಲಿ ಅವರಿಗೆ ಪರೀಕ್ಷೆ, ಗಾಳಿಯಾಡುವ ಕೋಣೆ, ಪ್ರತ್ಯೇಕ ಊಟ ಇವುಗಳನ್ನು ಒದಗಿಸುವುದು ಲೇಸು. ಅದರಿಂದ ಉಳಿಯುವುದು ಊರಿನ ಹಿರಿಯರ ಜೀವ.