ಬ್ರಿಡ್ಜ್ ಮೇಲೋ, ಕೆಳಗೋ?

ಬೆಂಗಳೂರಿನ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ಟ್ಯಾಕ್ಸಿಗೆ ಕಾಯುವವರಿಗೆ ಡ್ರೈವರ್ ಫೋನ್ ಮಾಡಿ ಕೇಳುವ ಮಾತು ಒಂದೇ: "ಮೇಡಂ, ಬ್ರಿಡ್ಜ್ ಮೇಲಿದ್ದೀರಾ, ಕೆಳಗಿದ್ದೀರಾ?" ಮೇಲೆ ವರ್ತೂರಿನತ್ತ ಹೋಗುವ ಹಳೆ ಏರ್‌ಪೋರ್ಟ್ ರಸ್ತೆ, ಕೆಳಗೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಹೋಗುವ ಹೊರವರ್ತುಲ ರಸ್ತೆ. ಫೋನಿನ ನಕ್ಷೆಯಲ್ಲಿ ಎರಡಕ್ಕೂ ಒಂದೇ ನೀಲಿ ಚುಕ್ಕೆ.

ಈ ಮೇಲೆ-ಕೆಳಗಿನ ತೊಡಕನ್ನು ಮೊದಲು ಭಾಷೆಯಲ್ಲಿ ನೋಡೋಣ. ಇಂಗ್ಲಿಷಿನಲ್ಲಿ 'ಆಟ್' ಎಂದರೆ ಬರೀ ಒಂದು ಬಿಂದು. 'ಆನ್' ಎಂದರೆ ಮೇಲ್ಮೈಗೆ ತಾಗಿಕೊಂಡು. ನಮ್ಮ ಸಪ್ತಮಿ ವಿಭಕ್ತಿಯ 'ಅಲ್ಲಿ' ಎಷ್ಟೋ ಕಡೆ ಆಟ್, ಇನ್, ಆನ್ ಮೂರರ ಕೆಲಸವನ್ನೂ ಮಾಡಿಬಿಡುತ್ತದೆ: ಸ್ಟಾಪಿನಲ್ಲಿ, ಕಾರಿನಲ್ಲಿ, ಬಸ್ಸಿನಲ್ಲಿ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಎಡವುವುದು ಇಲ್ಲೇ. 'ಅಂಡರ್' ಅಷ್ಟು ಕಾಡುವುದಿಲ್ಲ; ಅದು ನಮ್ಮ 'ಕೆಳಗೆ'ಯೇ. ಇಂಗ್ಲಿಷಿನವರು ಅದನ್ನು ನಾಮಪದಕ್ಕಿಂತ ಮೊದಲು ಇಡುತ್ತಾರೆ, ನಾವು ನಾಮಪದದ ನಂತರ ಇಡುತ್ತೇವೆ: ಅಂಡರ್ ದ ಬ್ರಿಡ್ಜ್, ಬ್ರಿಡ್ಜ್ ಕೆಳಗೆ.

ಫೋನಿಗೆ ಚೆನ್ನಾಗಿ ಗೊತ್ತಿರುವುದು 'ಆಟ್' ಒಂದೇ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯ ಸಾರುತ್ತಿರುತ್ತವೆ. ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ಫೋನು ದೂರವನ್ನು ಲೆಕ್ಕಹಾಕುತ್ತದೆ. ತನ್ನ ಗಡಿಯಾರದ ತಪ್ಪನ್ನೂ ತಿದ್ದಿಕೊಳ್ಳಬೇಕಾದ್ದರಿಂದ ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಆ ಹೊತ್ತಿನ ಲೆಕ್ಕ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ 300 ಮೀಟರ್ ವ್ಯತ್ಯಾಸ! ಪೂರ್ವದ ಉಪಗ್ರಹದ ತಪ್ಪನ್ನು ಪಶ್ಚಿಮದ್ದು ಸರಿದೂಗಿಸುತ್ತದೆ. ಮೇಲಿನದರ ತಪ್ಪನ್ನು ಸರಿದೂಗಿಸಲು ಕೆಳಗೆ ಉಪಗ್ರಹವೇ ಇಲ್ಲ, ಅಲ್ಲಿರುವುದು ಭೂಮಿ. ಹಾಗಾಗಿ ಎತ್ತರದ ಅಂದಾಜು ಸಾಮಾನ್ಯವಾಗಿ ಹೆಚ್ಚು ಸಡಿಲ. ಸೇತುವೆಯಡಿ ನಿಂತರಂತೂ ಕಾಂಕ್ರೀಟ್ ಆಕಾಶವನ್ನೇ ಮುಚ್ಚುತ್ತದೆ. ಗೋಡೆಗೆ ಬಡಿದು ಬಂದ ಸಂಕೇತ ಚುಕ್ಕೆಯನ್ನು ಅತ್ತಿತ್ತ ಎಳೆಯುತ್ತದೆ.

ಜಿಪಿಎಸ್‌ನಂತೆಯೇ ಸ್ಥಾನ ತಿಳಿಸುವ, ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದನ್ನು ರೂಪಿಸಿದ, ಇಂದು ಯು.ಆರ್. ರಾವ್ ಹೆಸರು ಹೊತ್ತಿರುವ ಇಸ್ರೊ ಕೇಂದ್ರ ಇರುವುದು ಇದೇ ಹಳೆ ಏರ್‌ಪೋರ್ಟ್ ರಸ್ತೆಯ ವಿಮಾನಪುರದಲ್ಲಿ.  ಆದರೂ ತಲೆಯ ಮೇಲಿನ ಉಪಗ್ರಹಗಳ ಮಿತಿ ನಾವಿಕ್‌ಗೂ ಇದೆ.

'ಅಂಡರ್' ಹೇಳಲು ಬೇರೆಯದೇ ಉಪಕರಣ ಬೇಕು: ವಾಯುಭಾರಮಾಪಕ. ಒಂದು ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು 10 ಪಾಸ್ಕಲ್ ಇಳಿಯುತ್ತದೆ. ಕೆಲವು ಫೋನುಗಳೊಳಗಿನ ಅಕ್ಕಿಕಾಳಿನಷ್ಟು ಸಣ್ಣ ಸಂವೇದಕ ಅದನ್ನು ಹಿಡಿಯಬಲ್ಲದು. ಮೆಟ್ಟಿಲು ಹತ್ತಿದ್ದು, ಇಳಿದದ್ದು ಅದಕ್ಕೆ ತಿಳಿಯುತ್ತದೆ. ಆದರೆ ಮೋಡ ಕವಿದು ಹವೆ ಬದಲಾದರೂ ಒತ್ತಡ ಬದಲಾಗುತ್ತದೆ. ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ.

ಮುಂದಿನ ಸಲ ಮಾರತ್ತಹಳ್ಳಿಯಲ್ಲಿ ಟ್ಯಾಕ್ಸಿ ಕರೆದಾಗ ಚುಕ್ಕೆಯನ್ನು ನಂಬಿ ಸುಮ್ಮನೆ ನಿಲ್ಲಬೇಡಿ. "ಬ್ರಿಡ್ಜ್ ಕೆಳಗೆ, ಕೆ.ಆರ್. ಪುರದ ಕಡೆ ಹೋಗುವ ಬಸ್ ಸ್ಟಾಪ್" ಎಂದು ಮೊದಲೇ ಒಂದು ಸಾಲು ಕಳಿಸಿ.