ರಾಗಿಯ ಜೊತೆ ಬೆಟ್ಟ ಹತ್ತುವುದು

ಚೆನ್ನೈಗೆ ಬಂದು ನೆಲೆಸಿದ ಮಲೆನಾಡಿನವರನ್ನು ಭಾಷೆಗಿಂತ ಹೆಚ್ಚು ಕಾಡುವುದು ಇಲ್ಲಿನ ಸಮತಟ್ಟು. ಓಎಂಆರ್‌ನ ಯಾವುದೇ ಹದಿನಾಲ್ಕನೇ ಮಹಡಿಯಲ್ಲಿ ನಿಂತು ನೋಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಳ್ಳಿಕರಣೆಯ ಜೌಗು, ನಡುವೆ ನಮ್ಮಂಥವರ ಆಫೀಸುಗಳು. ಕಣ್ಣಿಗೊಂದು ಗುಡ್ಡ ಸಿಗುವುದಿಲ್ಲ. ತಮಿಳು ಆರು ತಿಂಗಳಲ್ಲಿ ಬಂತು, ಫಿಲ್ಟರ್ ಕಾಫಿ ಮೊದಲೇ ಗೊತ್ತಿತ್ತು. ಗುಡ್ಡ ಮಾತ್ರ ಬರಲಿಲ್ಲ. ನಾವೇ ಹೋಗಬೇಕಾಯಿತು.

ಹೋಗುವುದಕ್ಕೆ ನೆಪವಾದದ್ದು ನಾಯಿ. ಶೋಲಿಂಗನಲ್ಲೂರಿನಲ್ಲಿ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಸಿಕ್ಕ ಮರಿ, ಶುದ್ಧ ಬೀದಿತಳಿ. ಮೈಬಣ್ಣ ನೋಡಿ ನನ್ನ ಹೆಂಡತಿ ರಾಗಿ ಎಂದು ಕರೆದಳು. ಪಕ್ಕದ ಮನೆಯ ಮಾಮಿಗೆ ಇದು ಇಂದಿಗೂ ತಮಾಷೆ. ರಾಗಿಗೆ ತಮಿಳಿನಲ್ಲಿ ಕೇಳ್ವರಗು ಅನ್ನುತ್ತಾರಲ್ಲ, ಹಾಗೆಂದು ಕೂಗಿ ನೋಡಿದರು. ನಾಯಿ ತಿರುಗಿಯೂ ನೋಡಲಿಲ್ಲ. ಈಗ ‘ರಾಗಿ ಕಣ್ಣಾ’ ಅನ್ನುತ್ತಾರೆ. ಹದಿನೆಂಟು ಕೆ.ಜಿ. ತೂಕದ ಕನ್ನಡ ನಾಯಿ, ತಮಿಳೂ ಬರುತ್ತದೆ.

ನಾಯಿ ಜೊತೆ ಬೆಟ್ಟ ಎಂದರೆ ಈಗ ಎಲ್ಲರಿಗೂ 2022ರ ‘777 ಚಾರ್ಲಿ’ ನೆನಪಾಗುತ್ತದೆ. ನಾಯಿಗೆ ಹಿಮ ತೋರಿಸಲು ಉತ್ತರಕ್ಕೆ ಹೊರಟ ಧರ್ಮನ ಕತೆ. ಆ ಹೆಸರಿನ ಹಿಂದೆ ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆ ಎಂದ ಧರ್ಮರಾಯ ಇದ್ದಾನೆ. ತೇಜಸ್ವಿಯವರನ್ನು ಓದಿ ಬೆಳೆದ ನನ್ನಂಥವರಿಗೆ ‘ಕರ್ವಾಲೊ’ದ ಕಿವಿ ನೆನಪಾಗುತ್ತದೆ. ಆದರೆ ಕಿವಿ ಓಡಾಡಿದ ಕಾಲದ ಮೂಡಿಗೆರೆ ಬೇರೆ. ಈಗ ಶನಿವಾರ ಬಂತೆಂದರೆ ಒಂದು ಮಹಾನಗರದ ಅರ್ಧ ಜನ ಬೆಟ್ಟದ ಬುಡದಲ್ಲಿರುತ್ತಾರೆ. ಅವರಲ್ಲಿ ಕೆಲವರ ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯೂ ಇರುತ್ತದೆ. ಹಾಗಾಗಿ ಮೊದಲೇ ಒಂದು ಕಹಿ ಮಾತು ಹೇಳಿಬಿಡುತ್ತೇನೆ.

ನಾಯಿಯನ್ನು ಕಾಡಿಗೆ ಕರೆದೊಯ್ಯಬಾರದು. ಬೆಟ್ಟಕ್ಕೆ ಕರೆದೊಯ್ಯಬಹುದು. ಇವೆರಡೂ ಒಂದೇ ಅಲ್ಲ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ.

2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವರಲ್ಲಿ ಚೆನ್ನೈನ ಐಟಿಯವರು ಹಲವರಿದ್ದರು. ನಮ್ಮ ಓಎಂಆರ್‌ನ ಕ್ಯಾಂಟೀನುಗಳಲ್ಲಿ ಆ ವಾರವಿಡೀ ಬೇರೆ ಮಾತಿರಲಿಲ್ಲ. ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ ‘ಟ್ರೆಕ್ ತಮಿಳುನಾಡು’ ಹೆಸರಿನಲ್ಲಿ 14 ಜಿಲ್ಲೆಗಳ 40 ದಾರಿಗಳನ್ನು ಆನ್‌ಲೈನ್ ಬುಕಿಂಗಿಗೆ ತೆರೆಯಿತು. ಸ್ಥಳೀಯ ಬುಡಕಟ್ಟಿನ ಯುವಕ ಯುವತಿಯರೇ ಮಾರ್ಗದರ್ಶಿಗಳು. ಒಳ್ಳೆಯ ವ್ಯವಸ್ಥೆ, ನಾವೂ ಹೋಗಿದ್ದೇವೆ, ರಾಗಿಯನ್ನು ಮಾಮಿಯ ಮನೆಯಲ್ಲಿ ಬಿಟ್ಟು. ಅರಣ್ಯದೊಳಗಿನ ಆ ದಾರಿಗಳು ಸಾಕುನಾಯಿಯ ಜಾಗವಲ್ಲ.

ಕಾರಣ ಬರೀ ಕಾನೂನಿನದ್ದಲ್ಲ. ನಾಯಿಗಳಲ್ಲಿ ಡಿಸ್ಟೆಂಪರ್ ಎಂಬ ವೈರಸ್ ರೋಗವಿದೆ. ಸಾಕುನಾಯಿಗೆ ಲಸಿಕೆ ಇರುತ್ತದೆ, ಕಾಡುಪ್ರಾಣಿಗೆ ಯಾರು ಹಾಕುತ್ತಾರೆ? 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಇದೇ ರೋಗ ಸುಮಾರು ಮೂರನೇ ಒಂದು ಭಾಗ ಸಿಂಹಗಳನ್ನು ಬಲಿ ತೆಗೆದುಕೊಂಡಿತು. 2018ರಲ್ಲಿ ನಮ್ಮ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗಲೂ ಪರೀಕ್ಷೆಯಲ್ಲಿ ಈ ವೈರಸ್ ಸಿಕ್ಕಿತು. ನಿಮ್ಮ ಲ್ಯಾಬ್ರಡಾರ್ ಎಷ್ಟೇ ಸಾಧುವಾಗಿರಲಿ, ಅದರ ವಾಸನೆಯೊಂದೇ ಸಾಕು, ಮರಿ ಹಾಕಿದ ಜಿಂಕೆಯೋ ನೆಲದಲ್ಲಿ ಗೂಡು ಕಟ್ಟಿದ ಹಕ್ಕಿಯೋ ಜಾಗ ಬಿಟ್ಟು ಓಡುತ್ತದೆ.

ಇಲ್ಲಿ ಕನ್ನಡಿಗರಿಗೊಂದು ವಿಶೇಷ ಆಮಿಷವಿದೆ. ಈರೋಡು ಜಿಲ್ಲೆಯ ತಾಳವಾಡಿ ಮತ್ತು ಬರಗೂರು ಬೆಟ್ಟಗಳಲ್ಲಿ ಟೀ ಅಂಗಡಿಯಲ್ಲೂ ಕನ್ನಡ ಕೇಳುತ್ತದೆ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಅಲ್ಲೇ ಇದೆ. ದಿಂಬಂ ಘಾಟಿಯ 27 ತಿರುವು ಹತ್ತಿದರೆ ತವರಿಗೆ ಬಂದ ಹಾಗಾಗುತ್ತದೆ. ಆದರೆ ಸುತ್ತ ಇರುವುದು ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶ, ರಾತ್ರಿ ಸಂಚಾರಕ್ಕೂ ಅಲ್ಲಿ ನಿರ್ಬಂಧವಿದೆ. ಅಲ್ಲಿಗೆ ಹೋಗಿ, ಕನ್ನಡ ಮಾತಾಡಿ, ಊಟ ಮಾಡಿ. ನಾಯಿ ಮತ್ತು ಟೆಂಟು ಎರಡೂ ಬೇಡ.

ಹಾಗಾದರೆ ಉಳಿದದ್ದೇನು? ಬೇಕಾದಷ್ಟಿದೆ. ಪೂರ್ವಘಟ್ಟದ ಬೆಟ್ಟಗಳ ಮೇಲೆ ಊರುಗಳಿವೆ, ಹೊಲಗಳಿವೆ, ಕಾಫಿ ತೋಟಗಳಿವೆ, ಒಂದು ಊರಿಂದ ಇನ್ನೊಂದಕ್ಕೆ ಜನ ನಡೆಯುವ ಕಾಲುದಾರಿಗಳಿವೆ. ನಾಯಿ ಜೊತೆ ಹೋಗುವವರ ಬೆಟ್ಟ ಇದೇ.

ಮೊದಲ ಸಲದವರಿಗೆ ಏಲಗಿರಿ ಸಾಕು. ಚೆನ್ನೈನಿಂದ ಸುಮಾರು 230 ಕಿ.ಮೀ., ಎತ್ತರ 1,100 ಮೀಟರ್ ಆಸುಪಾಸು, ಹದಿನಾಲ್ಕು ಹೇರ್‌ಪಿನ್ ತಿರುವುಗಳು. ತಿರುವುಗಳಿಗೆ ತಮಿಳು ಕವಿಗಳ, ವಳ್ಳಲ್‌ಗಳ ಹೆಸರಿಟ್ಟಿದ್ದಾರೆ. ಕಂಬನ್ ದಾಟುವಷ್ಟರಲ್ಲಿ ನಿಮ್ಮ ನಾಯಿ ವಾಂತಿ ಮಾಡಿಕೊಳ್ಳದಿದ್ದರೆ ಅದು ಘಾಟಿಗೆ ಲಾಯಕ್ಕು ಎಂದರ್ಥ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ಹಾಕಬೇಡಿ. ಏರ್ಕಾಡು ಇನ್ನೂ ಎತ್ತರ, ಇನ್ನೂ ದೂರ. ಅಲ್ಲಿ ಕಾಫಿ ತೋಟದೊಳಗಿನ ಮನೆಗಳು ಸಿಗುತ್ತವೆ. ‘ನಾಯಿಗೆ ಸ್ವಾಗತ’ ಎಂದು ಬರೆದುಕೊಂಡ ಜಾಗಗಳಿಗೆಲ್ಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ರಾತ್ರಿ ನಾಯಿ ನಮ್ಮ ಕೋಣೆಯಲ್ಲೇ ಮಲಗಬಹುದಾ? ನಾವು ಹೋದ ಒಂದು ರೆಸಾರ್ಟಿನಲ್ಲಿ ಸ್ವಾಗತ ಗೇಟಿನವರೆಗೆ ಮಾತ್ರ ಇತ್ತು. ಜನರೇಟರ್ ಶೆಡ್ಡಿನ ಪಕ್ಕ ಕಟ್ಟಿಹಾಕಿ ಅಂದರು. ಮುಂಗಡ ಬಿಟ್ಟು ವಾಪಸ್ ಬಂದೆವು.

ನನ್ನ ಮೆಚ್ಚಿನದು ಜವಾದಿ ಬೆಟ್ಟ. ವಾಣಿಯಂಬಾಡಿಯಿಂದ ಆಲಂಗಾಯಂ ದಾಟಿದರೆ ದಾರಿ ಕಾವಲೂರಿಗೆ ಏರುತ್ತದೆ. ಅಲ್ಲಿ ವೇಣು ಬಾಪು ವೀಕ್ಷಣಾಲಯವಿದೆ. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದೇ ಅದು. 1986ರಲ್ಲಿ ಶುರುವಾದ ಅದರ ದೊಡ್ಡ ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ. ಆ ಜಾಗವನ್ನು ಆರಿಸಿದ್ದೇ ಕತ್ತಲೆಗಾಗಿ. ಆ ಕತ್ತಲೆ ಈಗಲೂ ಸಾಕಷ್ಟು ಉಳಿದಿದೆ. ಡಿಸೆಂಬರಿನ ಕೊನೆಯಲ್ಲಿ, ಹಿಂಗಾರು ತೊಳೆದುಹೋದ ಆಕಾಶದ ಕೆಳಗೆ ಟೆಂಟಿನ ಬಾಯಿ ತೆರೆದಿಟ್ಟು ಮಲಗಿದರೆ, ಓಎಂಆರ್‌ನಲ್ಲಿ ವರ್ಷವಿಡೀ ಕಾಣದಷ್ಟು ನಕ್ಷತ್ರಗಳು ಒಂದೇ ರಾತ್ರಿ ಕಾಣುತ್ತವೆ. ರಾಗಿಗೆ ನಕ್ಷತ್ರದಲ್ಲಿ ಆಸಕ್ತಿಯಿಲ್ಲ. ಅದು ಮೂಗನ್ನು ಮಾತ್ರ ಹೊರಗಿಟ್ಟು ಇಡೀ ಬೆಟ್ಟವನ್ನು ಓದುತ್ತದೆ.

ಬೆಟ್ಟದ ಜನ ಮಲೆಯಾಳಿಗಳು. ಕೇರಳದವರಲ್ಲ, ಕಾಂಚೀಪುರದಿಂದ ಬಂದು ಮಲೆ ಹತ್ತಿದವರೆಂದು ತಮ್ಮ ಬಗ್ಗೆ ಹೇಳಿಕೊಳ್ಳುವ ಬುಡಕಟ್ಟು. ಸಾಮೆ ಬೆಳೆಯುತ್ತಾರೆ. ನಾವು ಟೆಂಟು ಹಾಕುವುದು ಅವರಲ್ಲೊಬ್ಬರ ಕುಯ್ಲು ಮುಗಿದ ಹೊಲದಲ್ಲಿ, ಕೇಳಿ, ದುಡ್ಡು ಕೊಟ್ಟು. ರಾತ್ರಿಯೂಟ ಅವರ ಮನೆಯದೇ, ಸಾಮೆ ಅನ್ನ ಮತ್ತು ಹುರುಳಿ ಸಾರು. ಬೆಂಕಿ ಹಾಕುವುದಿಲ್ಲ. ಕುರಂಗಣಿಯ ನಂತರ ಒಣಹುಲ್ಲಿನ ಬೆಟ್ಟದ ಮೇಲೆ ಕ್ಯಾಂಪ್‌ಫೈರ್ ಎನ್ನುವವರ ಜೊತೆ ನಾನು ಹೋಗುವುದೂ ಇಲ್ಲ.

ಮೊದಲ ರಾತ್ರಿ ಆ ಮನೆಯ ಪಾಟಿ ರಾಗಿಯನ್ನು ನೋಡಿ ಕೇಳಿದ್ದು ಒಂದೇ ಮಾತು, “ಇದು ಎಲ್ಲಿ ಮಲಗುತ್ತೆ?” ಟೆಂಟಿನ ಒಳಗೆ ಎಂದೆವು. “ಜಿಪ್ಪು ಹಾಕ್ಕೊಳ್ಳಿ” ಎಂದರು. ಹಿಂದಿನ ಬೇಸಗೆಯಲ್ಲಿ ಅವರ ನಾಯಿ ಅಂಗಳದಿಂದಲೇ ಕಾಣೆಯಾಗಿತ್ತಂತೆ. ಚಿರತೆ ಅಂತ ಅವರು ಹೆಸರೆತ್ತಿ ಹೇಳಲಿಲ್ಲ, ಕೈಯಲ್ಲಿ ಗುರುತು ತೋರಿಸಿದರು. ಆ ರಾತ್ರಿ ಸುಮಾರು ಎರಡು ಗಂಟೆಗೆ ರಾಗಿ ಎದ್ದು ನಿಂತಿತು. ಬೊಗಳಲಿಲ್ಲ, ಬೆನ್ನ ಮೇಲಿನ ಕೂದಲೆಲ್ಲ ನಿಮಿರಿ, ಗಂಟಲಲ್ಲಿ ಒಂದು ಸಣ್ಣ ಸದ್ದು. ಹೊರಗೆ ಏನಿತ್ತೋ, ಕಾಡುಹಂದಿಯೂ ಇರಬಹುದು. ನಾನು ಅದರ ಕೊರಳ ಪಟ್ಟಿ ಹಿಡಿದು ಕೂತೆ, ಹೆಂಡತಿ ಟಾರ್ಚ್ ಹಚ್ಚಿಟ್ಟಳು. ಬೆಳಗಿನ ಕೋಳಿ ಕೂಗುವವರೆಗೆ ಮೂವರೂ ಮಲಗಲಿಲ್ಲ.

ಇದು ಅತಿ ಭಯವಲ್ಲ. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಊರುಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷಿಸಿದಾಗ, ಅವು ತಿಂದದ್ದರಲ್ಲಿ ತೂಕದ ಲೆಕ್ಕಕ್ಕೆ 39% ನಾಯಿಯೇ ಆಗಿತ್ತು. ಚಿರತೆಗೆ ಕಾಡೂ ಊರೂ ಒಂದೇ. 2024ರ ಜೂನಿನಲ್ಲಿ ಏಲಗಿರಿಯ ಕೆಳಗಿನ ತಿರುಪತ್ತೂರು ಪಟ್ಟಣದಲ್ಲಿ ಅದು ಶಾಲೆಯೊಂದರ ಆವರಣಕ್ಕೇ ಬಂದಿತ್ತು. ಆದ್ದರಿಂದ ಸೂರ್ಯ ಮುಳುಗಿದ ಮೇಲೆ ನಾಯಿ ನಿಮ್ಮ ಕೈಗೆಟಕುವ ದೂರದಲ್ಲಿರಬೇಕು, ಮಲಗುವಾಗ ಒಳಗಿರಬೇಕು. ‘ಅದು ನಮ್ಮನ್ನು ಕಾಯುತ್ತೆ’ ಎಂದು ಹೊರಗೆ ಕಟ್ಟುವವರಿದ್ದಾರೆ. ಕಟ್ಟಿದ ನಾಯಿ ಓಡಲೂ ಆಗದ ನಾಯಿ. ಆ ರಾತ್ರಿಯ ನಂತರ ನಾವು ಟೆಂಟನ್ನು ಹೊಲದ ನಡುವೆ ಹಾಕುವುದಿಲ್ಲ, ಮನೆಯ ಗೋಡೆಗೆ ಒತ್ತಿಯೇ ಹಾಕುತ್ತೇವೆ.

ಹಗಲಿನ ಶತ್ರು ಚಿರತೆಯಲ್ಲ, ಬಿಸಿಲು. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಅಂಗಾಲಲ್ಲಿ ಒಂದಿಷ್ಟು ಬೆವರು, ಉಳಿದದ್ದೆಲ್ಲ ನಾಲಿಗೆ ಚಾಚಿ ತೇಕುವುದರಿಂದಲೇ ಆಗಬೇಕು. ಅದರ ಮೈಶಾಖ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಚೆನ್ನೈನವರಿಗೆ ಬೆಟ್ಟದ ಇಪ್ಪತ್ತೆಂಟು ಡಿಗ್ರಿ ತಂಪೆನಿಸುತ್ತದೆ, ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯುವ ನಾಯಿಗೆ ಹಾಗಲ್ಲ. ಬಂಡೆಯ ಮೇಲೆ ನಿಮ್ಮ ಅಂಗೈ ಹಿಂಭಾಗವನ್ನು ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯೂ ಅಲ್ಲಿ ನಡೆಯಬಾರದು. ನಾವು ಬೆಳಿಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ನೆರಳು ಸೇರುತ್ತೇವೆ. ಮತ್ತೆ ಏಳುವುದು ನಾಲ್ಕಕ್ಕೆ. ಸುಮ್ಮನಿರುವ ನಾಯಿಗೇ ದಿನಕ್ಕೆ ಕೆ.ಜಿ.ಗೆ ಐವತ್ತು ಅರವತ್ತು ಮಿಲಿಲೀಟರ್ ನೀರು ಬೇಕು, ಅಂದರೆ ರಾಗಿಗೆ ಲೀಟರಿನ ಆಸುಪಾಸು. ನಡೆಯುವ ದಿನ ಅದರ ಎರಡರಷ್ಟು ಹೊರುತ್ತೇವೆ. ನಡಿಗೆ ಎಡವಟ್ಟಾಗಿ, ಜೊಲ್ಲು ಅಂಟಂಟಾಗಿ, ಕರೆದರೆ ತಿರುಗದಿದ್ದರೆ ಆ ಕ್ಷಣವೇ ನೆರಳಿಗೆ ಒಯ್ದು ಮೈಯೆಲ್ಲ ತೋಯಿಸಿ ಗಾಳಿ ಹಾಕಬೇಕು. ಮೊದಲು ತಣಿಸುವುದು, ಆಮೇಲೆ ಡಾಕ್ಟರ ಕಡೆ ಕಾರು. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್ ಸಾಕಿದವರು ದಯವಿಟ್ಟು ಈ ಹವ್ಯಾಸಕ್ಕೇ ಇಳಿಯಬೇಡಿ. ಅವು ಸೋಫಾದ ಮೇಲೆ ಕೂತೇ ತೇಕುತ್ತವೆ.

ಹಾವಿನ ವಿಷಯಕ್ಕೆ ಬಂದರೆ, ನಾಯಿ ಮೂಗು ತೂರಿಸುವ ಪ್ರಾಣಿ, ಕಚ್ಚಿಸಿಕೊಳ್ಳುವುದೂ ಮುಖಕ್ಕೋ ಮುಂಗಾಲಿಗೋ. ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದನ್ನೇ ಪಶುವೈದ್ಯರು ನಾಯಿಗೂ ಕೊಡುತ್ತಾರೆ. ಅದಕ್ಕೆ ಬೇಕಾದ ವಿಷ ಬರುವುದು ನಮ್ಮ ಇಸಿಆರ್‌ನಿಂದ ಎಂಬುದು ಚೆನ್ನೈನವರಲ್ಲೇ ಅನೇಕರಿಗೆ ಗೊತ್ತಿಲ್ಲ. ವಡನೆಮ್ಮೇಲಿಯಲ್ಲಿ 1978ರಿಂದ ಇರುವ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷ ತೆಗೆದು ಔಷಧ ಕಂಪನಿಗಳಿಗೆ ಕೊಡುತ್ತದೆ. ಇರುಳರಾದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಬಂತು. ಹೊರಡುವ ಮುಂಚೆ ದಾರಿಯ ಯಾವ ಪಟ್ಟಣದಲ್ಲಿ ಪಶುವೈದ್ಯರಿದ್ದಾರೆ, ಅವರಲ್ಲಿ ಆ ಮದ್ದು ಇದೆಯೇ ಎಂದು ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಹೋಗುವುದು ಹೇಗೆ ಎಂದರೆ, ಸ್ವಂತ ಕಾರೇ. ರೈಲಿನಲ್ಲಿ ಫಸ್ಟ್ ಎಸಿಯ ಕೂಪೆಯೋ ಕ್ಯಾಬಿನ್ನೋ ಪೂರ್ತಿ ನಿಮ್ಮದಾದರೆ ಮಾತ್ರ ನಾಯಿ ಜೊತೆಗಿರಬಹುದು, ಇಲ್ಲವಾದರೆ ಬ್ರೇಕ್‌ವ್ಯಾನಿನ ಪೆಟ್ಟಿಗೆ. ಜೋಲಾರ್‌ಪೇಟೆಗೆ ಬೃಂದಾವನದಲ್ಲಿ ಚೇರ್‌ಕಾರ್ ಹಿಡಿದು ಹೋಗಿಬಿಡೋಣ ಎನ್ನುವ ಹಾಗಿಲ್ಲ. ಕಾರಿನಲ್ಲೂ ಒಬ್ಬರು ಆಂಬೂರಿನಲ್ಲಿ ಬಿರಿಯಾನಿ ತಿನ್ನುವಾಗ ಇನ್ನೊಬ್ಬರು ನಾಯಿ ಜೊತೆ ಹೊರಗಿರಬೇಕು. ಗಾಜು ಏರಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡುವಂತಿಲ್ಲ.

ಊರಿನ ದಾರಿಯಲ್ಲಿ ಹಗ್ಗ ಬಿಚ್ಚುವುದಿಲ್ಲ. ಒಂದು ಕೋಳಿ ಸತ್ತರೂ ಅದು ಬರೀ ಕೋಳಿಯ ಬೆಲೆಯ ಪ್ರಶ್ನೆಯಲ್ಲ, ಮುಂದಿನ ವಾರ ಅಲ್ಲಿಗೆ ಹೋಗುವ ಎಲ್ಲ ನಾಯಿಗಳ ಪ್ರಶ್ನೆ. ಊರನಾಯಿಗಳು ಗುಂಪಾಗಿ ಬಂದರೆ ನಿಂತುಬಿಡಿ, ಸಾಮಾನ್ಯವಾಗಿ ಆ ಬೀದಿಯ ಯಾರಾದರೂ ಒಂದು ಕೂಗು ಹಾಕುತ್ತಾರೆ, ಚದುರುತ್ತವೆ. ರೇಬೀಸ್ ಲಸಿಕೆಯ ಚೀಟಿ ಫೋನಿನಲ್ಲಿ ಸದಾ ಇರಲಿ.

ಭಾನುವಾರ ರಾತ್ರಿ ಮನೆ ಸೇರಿದ ಮೇಲೆ ಒಂದು ಗಂಟೆಯ ಕೆಲಸ ಬಾಕಿ ಇರುತ್ತದೆ, ಉಣುಗು ಹುಡುಕುವುದು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ, ಕೊರಳ ಪಟ್ಟಿಯ ಕೆಳಗೆ. ಉಣುಗಿನ ಜ್ವರ ಎರಡು ಮೂರು ವಾರ ಸುಮ್ಮನಿದ್ದು ಆಮೇಲೆ ಮೇಲೇಳುತ್ತದೆ. ಆಗ ನಾಯಿ ಊಟ ಬಿಟ್ಟರೆ ಬೆಟ್ಟಕ್ಕೆ ಹೋಗಿಬಂದದ್ದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು.

ರಾಗಿಗೆ ಈಗ ಒಂಬತ್ತು ವರ್ಷ. ಹಿಂಗಾಲು ಬೆಳಗಿನ ಹೊತ್ತು ಸ್ವಲ್ಪ ಬಿಗಿಯುತ್ತದೆ, ಇಳಿಜಾರು ಕಡಿಮೆ ಮಾಡಿ ಎಂದಿದ್ದಾರೆ ವೆಪೇರಿಯ ಡಾಕ್ಟರು. ಈ ಡಿಸೆಂಬರಿಗೆ ಹೊಸ ದಾರಿ ನೋಡಿಟ್ಟಿದ್ದೇವೆ, ಪಾಟಿಯ ಮನೆಯಿಂದ ಕೆರೆಯವರೆಗೆ, ಮೂರು ಕಿಲೋಮೀಟರ್, ಬಹುತೇಕ ಸಮತಟ್ಟು. ಪಾಟಿಯ ಮನೆಗೆ ಹೊಸ ಮರಿ ಬಂದಿದೆಯಂತೆ, ಕಪ್ಪು. ರಾತ್ರಿ ಅದನ್ನು ಒಳಗೇ ಮಲಗಿಸುತ್ತಾರೆ ಎಂದು ಅವರ ಮೊಮ್ಮಗ ಫೋನಿನಲ್ಲಿ ಹೇಳಿದ.