ಮನಸ್ಸಿನ ಲೆಕ್ಕಪರಿಶೋಧನೆ: ಶರಣಬಸವೇಶ್ವರರ ಸನ್ನಿಧಿಯಲ್ಲಿ ಒಂದು ಚಿಂತನೆ

ಸುಖವಾಗಿರಬೇಕೆಂದು ಬಯಸದ ಮನುಷ್ಯನಿಲ್ಲ. ವ್ಯಾಪಾರ, ಉದ್ಯಮ, ವೃತ್ತಿ ಇವೆಲ್ಲವನ್ನೂ ನಾವು ಕೈಗೊಳ್ಳುವುದು ಕೊನೆಗೆ ನೆಮ್ಮದಿಯ ಬದುಕಿಗಾಗಿಯೇ. ಆದರೆ ಪ್ರತಿವರ್ಷ ಲಾಭ-ನಷ್ಟದ ಪತ್ರಿಕೆಗೆ ಸಹಿ ಮಾಡುವ ನಾವು, ಆ ಲಾಭದಲ್ಲಿ ನೆಮ್ಮದಿಯ ಪಾಲು ಎಷ್ಟಿದೆ ಎಂದು ಎಂದಾದರೂ ನೋಡಿದ್ದೇವೆಯೇ?

ಕೆಲವು ವರ್ಷಗಳ ಹಿಂದಿನ ಮಾತು. ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ತೆರಿಗೆ ಲೆಕ್ಕಪರಿಶೋಧನೆಯ ಗಡುವು ಸಮೀಪಿಸಿತ್ತು. ದಾಲ್ ಮಿಲ್ಲಿನ ಮಾಲೀಕರೊಬ್ಬರು ಅಢಾವೆ ಪತ್ರಿಕೆಗೆ ಸಹಿ ಹಾಕಲು ನನ್ನ ಕಚೇರಿಗೆ ಬಂದಿದ್ದರು. ಅವರ ಪಾಲಿಗೆ ಅದು ಬಹಳ ಒಳ್ಳೆಯ ವರ್ಷ. ಸಹಿ ಹಾಕಿ ಪೆನ್ನು ಮುಚ್ಚುತ್ತಾ ಅವರು, "ಸಾಹೇಬ್ರ, ಲಾಭ ಬಂದದ ಅಂತೀರಿ, ಖರೆ. ಆದ್ರ ಎರಡು ತಿಂಗಳಾತು, ರಾತ್ರಿ ನಿದ್ದಿ ಬರವಲ್ದು" ಎಂದರು. ನಾನು ಮೊಬೈಲಿನಲ್ಲಿ ಬೇರೊಬ್ಬರ ಸಂದೇಶ ಓದುತ್ತಿದ್ದೆ. "ಮುಂಗಡ ತೆರಿಗೆ ಕಟ್ಟಿದ್ದೀರಲ್ಲ, ಚಿಂತೆ ಬೇಡ" ಎಂದುಬಿಟ್ಟೆ. ಅವರು ಒಂದು ಕ್ಷಣ ಸುಮ್ಮನಿದ್ದು, ನಕ್ಕು, ಎದ್ದುಹೋದರು. ಹದಿನೈದು ದಿನಗಳಲ್ಲಿ ಅವರು ಹೃದಯಾಘಾತದಿಂದ ಆಸ್ಪತ್ರೆ ಸೇರಿದ ಸುದ್ದಿ ಬಂತು.

ಅವರು ಬದುಕಿ ಬಂದರು, ಅದು ದೈವಕೃಪೆ. ಆದರೆ ಆ ನಗು ನನ್ನನ್ನು ಬಹುಕಾಲ ಕಾಡಿತು. ಅವರ ಪ್ರತಿಯೊಂದು ರಸೀದಿಯನ್ನೂ ಪರಿಶೀಲಿಸಿದ್ದ ನಾನು, ಎದುರಿಗೆ ಕುಳಿತಿದ್ದ ಮನುಷ್ಯನನ್ನೇ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೂ ನಿದ್ದೆ ಬರುತ್ತಿರಲಿಲ್ಲ.

ಹತ್ತರವರೆಗೆ ಎಣಿಸಲಾಗದ ಲೆಕ್ಕಿಗ

ಆ ವಾರದ ಒಂದು ಸಂಜೆ ಶರಣಬಸವೇಶ್ವರ ದೇವಸ್ಥಾನಕ್ಕೆ ಹೋದೆ. ಕಲಬುರಗಿಯವರಿಗೆ ಈ ಸ್ಥಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೋಳಿ ಹುಣ್ಣಿಮೆಯ ನಂತರ ಐದನೆಯ ದಿನ ನಡೆಯುವ ರಥೋತ್ಸವದಲ್ಲಿ ಉತ್ತತ್ತಿ, ಬಾಳೆಹಣ್ಣು ಎಸೆಯದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆದರೆ ಜಾತ್ರೆಯ ಗದ್ದಲವಿಲ್ಲದ ಸಾಮಾನ್ಯ ದಿನದಲ್ಲಿ, ಕೆತ್ತನೆಯ ಕಂಬ-ಕಮಾನುಗಳ ಆ ಸಭಾಮಂಟಪದಲ್ಲಿ ಸುಮ್ಮನೆ ಕುಳಿತವರು ಎಷ್ಟು ಮಂದಿ? ನಾವು ಹೋಗುತ್ತೇವೆ, ಗದ್ದುಗೆಗೆ ನಮಸ್ಕರಿಸುತ್ತೇವೆ, ಬೇಡಿಕೆಯ ಪಟ್ಟಿ ಸಲ್ಲಿಸುತ್ತೇವೆ, ಗಡಿಯಾರ ನೋಡಿಕೊಂಡು ಹೊರಡುತ್ತೇವೆ.

ಅಂದು ಒಂದು ಕಂಬಕ್ಕೆ ಒರಗಿ ಕುಳಿತು ಕಣ್ಣು ಮುಚ್ಚಿದೆ. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕೆಂದು ಹಿರಿಯರೊಬ್ಬರು ಹಿಂದೆ ಹೇಳಿದ್ದುಂಟು. ಎಣಿಸತೊಡಗಿದೆ. ನಾಲ್ಕಕ್ಕೆ ಬರುವಷ್ಟರಲ್ಲಿ ಮನಸ್ಸು ಉತ್ತರ ಬರೆಯಬೇಕಿದ್ದ ಒಂದು ನೋಟಿಸಿನ ಬಳಿ ಇತ್ತು. ಮತ್ತೆ ಒಂದರಿಂದ ಆರಂಭಿಸಿದೆ. ಮೂರಕ್ಕೇ ಮಗನ ಕಾಲೇಜು ಶುಲ್ಕ ನೆನಪಾಯಿತು. ಅರ್ಧ ಗಂಟೆ ಪ್ರಯತ್ನಿಸಿದರೂ ಹತ್ತನ್ನು ಮುಟ್ಟಲಾಗಲಿಲ್ಲ. ಮೂರು ದಶಕ ಕೋಟಿಗಳ ಲೆಕ್ಕ ಕೂಡಿದವನಿಗೆ ಹತ್ತರವರೆಗೆ ಎಣಿಸಲು ಬಾರದು ಎಂಬುದು ಅಂದು ತಿಳಿಯಿತು. ನನ್ನ ಬಗ್ಗೆ ನನಗೆ ದೊರೆತ ಮೊದಲ ಪ್ರಾಮಾಣಿಕ ಪರಿಶೋಧನಾ ವರದಿ ಅದು.

ತಪ್ಪು ಅವಧಿಯ ಜಮಾ-ಖರ್ಚು

ನಮ್ಮ ಶಾಸ್ತ್ರದಲ್ಲಿ ಒಂದು ಮೂಲ ನಿಯಮವಿದೆ: ಯಾವ ವರ್ಷದ ವ್ಯವಹಾರವೋ ಅದನ್ನು ಆ ವರ್ಷದ ಖಾತೆಗೇ ಬರೆಯಬೇಕು. ಮನಸ್ಸು ಈ ನಿಯಮವನ್ನು ದಿನವಿಡೀ ಮುರಿಯುತ್ತದೆ. ಹತ್ತು ವರ್ಷದ ಹಿಂದೆ ಪಾಲುದಾರನು ಆಡಿದ ಮಾತನ್ನು ಇಂದಿನ ಕೀರ್ದಿಯಲ್ಲಿ ಖರ್ಚು ಬರೆಯುತ್ತದೆ. ಮುಂದಿನ ಹಂಗಾಮಿನಲ್ಲಿ ತೊಗರಿಯ ಬೆಲೆ ಇಳಿದೀತೆಂಬ ಭಯವನ್ನೂ ಇಂದೇ ಖರ್ಚು ಬರೆಯುತ್ತದೆ. ಇಂದಿನ ಪುಟದಲ್ಲಿ ಇಂದಿನ ವ್ಯವಹಾರಕ್ಕೇ ಜಾಗವಿರುವುದಿಲ್ಲ.

ಇನ್ನೊಂದು ನಿಯಮ: ಬರಬಹುದಾದ ನಷ್ಟಕ್ಕೆ ಮೊದಲೇ ಹಣ ತೆಗೆದಿಡು, ಬರಬಹುದಾದ ಲಾಭವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡ. ಪುಸ್ತಕಕ್ಕೆ ಇದು ವಿವೇಕ. ಆದರೆ ಇದೇ ಅಭ್ಯಾಸ ಮನಸ್ಸಿಗೆ ಅಂಟಿದರೆ, ಬಂದೇ ಬಾರದ ನಷ್ಟಗಳಿಗಾಗಿ ಕೈಯಲ್ಲಿರುವ ನೆಮ್ಮದಿಯನ್ನೆಲ್ಲ ತೆಗೆದಿಟ್ಟು ಬಡವರಾಗುತ್ತೇವೆ.

ಇದು ಕೇವಲ ಉಪಮೆಯಲ್ಲ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಮನೋವಿಜ್ಞಾನಿಗಳು 2,250 ವಯಸ್ಕರನ್ನು ಮೊಬೈಲ್ ಫೋನಿನ ಮೂಲಕ ದಿನದ ಬೇರೆ ಬೇರೆ ವೇಳೆಯಲ್ಲಿ ಪ್ರಶ್ನಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಎಷ್ಟು ಸುಖವಾಗಿದ್ದೀರಿ? ಎಚ್ಚರದ ವೇಳೆಯ ಸುಮಾರು ಶೇ. 47ರಷ್ಟು ಸಂದರ್ಭಗಳಲ್ಲಿ ಜನರ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಅಲೆಯುತ್ತಿದ್ದಾಗ ಅವರ ಸುಖವೂ ಕಡಿಮೆಯಾಗಿತ್ತು. ಮಾಡುವ ಕೆಲಸ ಯಾವುದು ಎಂಬುದಕ್ಕಿಂತ, ಮನಸ್ಸು ಅದರಲ್ಲಿ ಇದೆಯೇ ಎಂಬುದೇ ಸುಖಕ್ಕೆ ಹೆಚ್ಚಿನ ಸುಳಿವು ನೀಡಿತು.

ನಮ್ಮ ನೆಲದ ಉತ್ತರ

ಈ ರೋಗಕ್ಕೆ ಔಷಧವನ್ನು ದೂರದಲ್ಲಿ ಹುಡುಕಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರು ಅರಿವನ್ನೇ ಗುರುವೆಂದರು. ಅವರು ಕೈಗೆ ಕೊಟ್ಟ ಇಷ್ಟಲಿಂಗವು ಒಂದು ಧ್ಯಾನಸಾಧನವೂ ಹೌದು: ಎಡಗೈಯ ಅಂಗೈಯಲ್ಲಿ ಲಿಂಗವನ್ನಿರಿಸಿ, ಅದರಲ್ಲಿ ದೃಷ್ಟಿ ನೆಟ್ಟು, ಚದುರಿದ ಮನಸ್ಸನ್ನು ಒಂದೆಡೆ ತರುವ ಅಭ್ಯಾಸ ಅದು. ಆದರೆ ಶರಣರು ಧ್ಯಾನವನ್ನು ಪೂಜೆಯ ಹೊತ್ತಿಗೆ ಮಾತ್ರ ಸೀಮಿತಗೊಳಿಸಲಿಲ್ಲ. ಕೈಯ ಕೆಲಸವನ್ನೇ ಕಾಯಕವೆಂದು ಕರೆದು, ಮಗ್ಗದ ಮುಂದೆ, ಅಂಗಡಿಯ ಗದ್ದುಗೆಯ ಮೇಲೆ ಎಚ್ಚರವಾಗಿರುವುದನ್ನು ಕಲಿಸಿದರು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲ ತಿಳಿದಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ; ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಕಳುಹಿಸಿದಳು. ನನ್ನ ದೃಷ್ಟಿಯಲ್ಲಿ ಆಕೆ ಈ ನಾಡಿನ ಮೊದಲ ಲೆಕ್ಕಪರಿಶೋಧಕಿ. ಅಕ್ಕಿಯಲ್ಲಿ ದೋಷವಿರಲಿಲ್ಲ, ಗಂಡನ ಮನಸ್ಸಿನಲ್ಲಿ ಮೊಳೆತ "ಇನ್ನಷ್ಟು" ಎಂಬುದನ್ನು ಆಕೆ ಕಂಡಳು. ತನ್ನನ್ನು ತಾನು ಅರಿಯುವುದೆಂದರೆ ಇದೇ.

ಶರಣಬಸವೇಶ್ವರರ (1746–1822) ಬದುಕು ಈ ಪರಂಪರೆಯ ಮುಂದುವರಿಕೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಅವರು ಗುಹೆ ಸೇರಿದ ಯೋಗಿಯಲ್ಲ. ಒಕ್ಕಲುತನ ಮಾಡಿದ ಸಂಸಾರಿ. ಹೊಲ ಕಾಯುವ ಸರದಿ ಬಂದಾಗ ಅವರು ಹಕ್ಕಿಗಳನ್ನು ಓಡಿಸದೆ, ತೆನೆ ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರೆಂದೂ, ರಾಶಿಯ ದಿನ ಫಸಲು ಕಡಿಮೆಯಾಗದೆ ಹೆಚ್ಚೇ ಬಂತೆಂದೂ ಜನ ಇಂದಿಗೂ ಹೇಳುತ್ತಾರೆ. ಇದನ್ನು ಪವಾಡವೆಂದು ನಂಬುವವರು ನಂಬಲಿ. ನನಗೆ ಕಾಣುವುದು ಇಷ್ಟು: ಹೋಗುತ್ತಿರುವ ಪ್ರತಿಯೊಂದು ಕಾಳನ್ನೂ ಎಣಿಸುತ್ತಾ ಕವಣೆ ಬೀಸುವವನಿಗೆ ಹೊಲವೆಲ್ಲ ಶತ್ರುಗಳಿಂದ ತುಂಬಿರುತ್ತದೆ, ಹಕ್ಕಿಗೂ ಪಾಲುಂಟೆಂದು ಒಪ್ಪಿದವನಿಗೆ ಅದೇ ಹೊಲ ನೆಮ್ಮದಿಯ ತಾಣ. ಅದೇ ಮನೋಭಾವ ಮುಂದೆ ಮಹಾದಾಸೋಹವಾಯಿತು. 2025ರ ಆಗಸ್ಟ್ 14ರಂದು ಲಿಂಗೈಕ್ಯರಾದ ಪೀಠಾಧಿಪತಿ ಡಾ. ಶರಣಬಸವಪ್ಪ ಅಪ್ಪ ಅವರ ಕಾಲದಲ್ಲಿ ಅದು ಅನ್ನದೊಂದಿಗೆ ಜ್ಞಾನದಾಸೋಹವಾಗಿಯೂ ಹೇಗೆ ಬೆಳೆಯಿತೆಂಬುದು ನಮ್ಮ ಕಣ್ಣ ಮುಂದಿದೆ.

ಒಬ್ಬ ಲೆಕ್ಕಾಧಿಕಾರಿ, ಒಬ್ಬ ವ್ಯಾಪಾರಿ

"ಧ್ಯಾನ ಸಂನ್ಯಾಸಿಗಳಿಗೆ, ದಿನಕ್ಕೆ ನೂರು ಫೋನು ಬರುವ ನಮಗಲ್ಲ" ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಇದಕ್ಕೆ ಉತ್ತರವಾಗಿ ಇಬ್ಬರನ್ನು ನೆನೆಯಬಹುದು. ಬರ್ಮಾ ದೇಶ ಸ್ವತಂತ್ರವಾದ ದಿನ, ಅಂದರೆ 1948ರ ಜನವರಿ 4ರಂದು, ಅದರ ಮೊದಲ ಮಹಾಲೇಖಪಾಲರಾಗಿ ಅಧಿಕಾರ ವಹಿಸಿಕೊಂಡ ಊ ಬಾ ಖಿನ್, ವಿಪಶ್ಯನಾ ಧ್ಯಾನದ ಆಚಾರ್ಯರೂ ಆಗಿದ್ದರು. ತಮ್ಮ ಕಚೇರಿಯ ಸಿಬ್ಬಂದಿಗೂ ಅವರು ಧ್ಯಾನ ಕಲಿಸಿದರು.

ಅವರಲ್ಲಿಗೆ 1955ರಲ್ಲಿ ಬಂದವರು ಮಂಡಾಲೆಯಲ್ಲಿ ಹುಟ್ಟಿದ ಭಾರತೀಯ ಮೂಲದ ಉದ್ಯಮಿ ಸತ್ಯನಾರಾಯಣ ಗೋಯಂಕಾ. ವ್ಯಾಪಾರದಲ್ಲಿ ಯಶಸ್ಸು, ಸಮಾಜದಲ್ಲಿ ಮನ್ನಣೆ ಎಲ್ಲವೂ ಇದ್ದ ಅವರನ್ನು ತೀವ್ರ ತಲೆನೋವು ಬಾಧಿಸುತ್ತಿತ್ತು; ಮಾರ್ಫಿನ್ ಚುಚ್ಚುಮದ್ದಿನವರೆಗೂ ಹೋಗಿತ್ತು. ತಲೆನೋವಿನ ಚಿಕಿತ್ಸೆಗಾಗಿ ಮಾತ್ರ ಬರುವುದಾದರೆ ಬೇಡ ಎಂದು ಊ ಬಾ ಖಿನ್ ಮೊದಲು ನಿರಾಕರಿಸಿದ್ದರಂತೆ. ಕಲಿತ ನಂತರ ನೋವೂ ಹೋಯಿತು. ಮುಂದೆ ಸೈನಿಕ ಸರ್ಕಾರ ಉದ್ಯಮಗಳನ್ನು ರಾಷ್ಟ್ರೀಕರಣಗೊಳಿಸಿದಾಗ ಗೋಯಂಕಾ ಅವರ ಕಾರ್ಖಾನೆಗಳೂ ಹೋದವು, ನೆಮ್ಮದಿ ಹೋಗಲಿಲ್ಲ. 1969ರಲ್ಲಿ ಭಾರತಕ್ಕೆ ಬಂದು, 2013ರಲ್ಲಿ ನಿಧನರಾಗುವವರೆಗೂ ಅವರು ಈ ವಿದ್ಯೆಯನ್ನು ಹಂಚಿದರು. ಹತ್ತು ದಿನಗಳ ಈ ಶಿಬಿರಗಳಿಗೆ ಶುಲ್ಕವಿಲ್ಲ; ಹಿಂದೆ ಕಲಿತವರ ದಾನದಿಂದಲೇ ನಡೆಯುತ್ತವೆ. ನಮ್ಮ ಭಾಷೆಯಲ್ಲಿ ಅದೂ ದಾಸೋಹವೇ.

ಈ ಬೌದ್ಧ ಪರಂಪರೆಯೂ ನಮಗೆ ಹೊರಗಿನದಲ್ಲ. ಭೀಮಾ ತೀರದ ಸನ್ನತಿ-ಕನಗನಹಳ್ಳಿಯ ಸ್ತೂಪದ ನೆಲ ನಮ್ಮ ಜಿಲ್ಲೆಯದೇ.

ವರ್ತಕ ಬಂಧುಗಳಿಗೆ ಐದು ಸೂತ್ರಗಳು

1. ಅಂಗಡಿಯ ಬಾಗಿಲು ತೆರೆಯುವ ಮುನ್ನ ಹತ್ತು ನಿಮಿಷ ಕುಳಿತುಕೊಳ್ಳಿ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಬೆನ್ನು ನೇರವಾಗಿರಲಿ. ಉಸಿರನ್ನು ಬದಲಿಸದೆ ಸುಮ್ಮನೆ ಗಮನಿಸಿ. ಮನಸ್ಸು ಹೊರಟರೆ ಬೈಯದೆ ಮರಳಿ ಕರೆತನ್ನಿ. ಮರಳಿ ತರುವುದೇ ಅಭ್ಯಾಸ; ಹೋಗದಿರುವುದಲ್ಲ.

2. ಎದುರಿಗೆ ಬಂದವರು ಗ್ರಾಹಕರಾಗಲಿ, ಹಮಾಲರಾಗಲಿ, ಮನೆಯವರಾಗಲಿ, ಅವರು ಮಾತನಾಡುವಾಗ ಅವರ ಮುಖ ನೋಡಿ. ಈ ಸೂತ್ರದ ಬೆಲೆ ನನಗೆ ತಡವಾಗಿ ತಿಳಿಯಿತು.

3. ಚಿಂತೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಇಂದಿನ ಬಾಬತ್ತೇ? ಇದು ನನ್ನ ಕೈಯಲ್ಲಿದೆಯೇ? ಮಳೆ, ಆಮದು ನೀತಿ, ಮಾರುಕಟ್ಟೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಇಂದಿನ ತೂಕ, ಇಂದಿನ ಮಾತು, ಇಂದಿನ ಉದ್ರಿಯ ಮಿತಿ ನಮ್ಮ ಕೈಯಲ್ಲಿದೆ.

4. ರಾತ್ರಿ ಮಲಗುವ ಮುನ್ನ ಮೂರು ಸಾಲಿನ ಕೀರ್ದಿ ಬರೆಯಿರಿ: ಇಂದು ಎಲ್ಲಿ ಸಿಟ್ಟಾದೆ, ಎಲ್ಲಿ ಅಂಜಿದೆ, ಯಾರಿಗೆ ಏನು ಕೊಟ್ಟೆ. ತಿಂಗಳ ನಂತರ ಪುಟ ತಿರುವಿ ನೋಡಿದರೆ, ನಮ್ಮ ಸ್ವಭಾವದ ಖತಾವಣಿ ತಾನಾಗಿ ಸಿದ್ಧವಾಗಿರುತ್ತದೆ.

5. "ಸಾಕು" ಎಂಬುದಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಇದು ಉದ್ಯಮ ಬೆಳೆಸಬೇಡಿ ಎಂಬ ಮಾತಲ್ಲ. ಯಾವುದಕ್ಕಾಗಿ ಬೆಳೆಸುತ್ತಿದ್ದೇವೆ ಎಂಬುದು ತಿಳಿದಿರಲಿ ಎಂದಷ್ಟೇ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರಲಿಲ್ಲ. ನಮಗೆ ಜೇಬು ಬೇಕು; ಆದರೆ ಜೇಬಿಗೊಂದು ತಳವೂ ಇರಬೇಕು.

ಒಂದು ಎಚ್ಚರಿಕೆಯ ಮಾತು ಅವಶ್ಯ. ಧ್ಯಾನವು ವೈದ್ಯರಿಗೆ ಬದಲಿಯಲ್ಲ. ವಾರಗಟ್ಟಲೆ ನಿದ್ದೆಯಿಲ್ಲದಿರುವುದು, ಎದೆಭಾರ, ಬದುಕೇ ಬೇಡವೆನಿಸುವುದು ಇವು ಕಂಡುಬಂದರೆ ನಾಚಿಕೆಪಡದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಂತೆಯೇ ಧ್ಯಾನದಿಂದ ಸಾಲ ತೀರುವುದಿಲ್ಲ, ಧಾರಣೆ ಏರುವುದಿಲ್ಲ. ಏರಿಳಿತದ ನಡುವೆ ಸರಿಯಾದ ನಿರ್ಧಾರ ಕೈಗೊಳ್ಳುವಷ್ಟು ಮನಸ್ಸು ತಿಳಿಯಾಗಬಹುದು. ವ್ಯಾಪಾರಿಗೆ ಅದೇನು ಸಣ್ಣ ಬಂಡವಾಳವಲ್ಲ.

ಆಖೈರು ಶಿಲ್ಕು

ಆ ದಾಲ್ ಮಿಲ್ಲಿನ ಮಾಲೀಕರು ಈಗ ವ್ಯವಹಾರದ ಒಂದಿಷ್ಟು ಹೊರೆಯನ್ನು ಮಕ್ಕಳಿಗೆ ವಹಿಸಿದ್ದಾರೆ. ವರ್ಷಕ್ಕೊಮ್ಮೆ ಸಹಿ ಹಾಕಲು ಬಂದಾಗ ನಾನು ಮೊಬೈಲನ್ನು ಮೇಜಿನ ಖಾನೆಯಲ್ಲಿಟ್ಟು, ಮೊದಲು ಚಹಾ ತರಿಸಿ, "ನಿದ್ದೆ ಹೇಗಿದೆ?" ಎಂದು ಕೇಳುತ್ತೇನೆ. ಅಂಕಿಗಳ ವಿಚಾರ ಅನಂತರ. ಕಳೆದ ಸಲ ಅವರು, "ಲಾಭ ಸ್ವಲ್ಪ ಕಮ್ಮಿ ಆಗ್ಯದ, ನಿದ್ದಿ ಜಾಸ್ತಿ ಆಗ್ಯದ. ಲೆಕ್ಕ ಸರಿ ಅದ ಬಿಡ್ರಿ" ಎಂದರು.

ನಾನೂ ಬಿಡುವಾದಾಗ ಅದೇ ಕಂಬದ ಬಳಿ ಹೋಗಿ ಕೂರುತ್ತೇನೆ. ಕೆಲವು ದಿನ ಹತ್ತನ್ನು ಮುಟ್ಟುತ್ತೇನೆ, ಹಲವು ದಿನ ಆರು ಏಳಕ್ಕೇ ತಪ್ಪುತ್ತದೆ. ತಪ್ಪಿದ್ದು ತಿಳಿಯುತ್ತದೆ ಎಂಬುದೇ ಈಗಿನ ಸಮಾಧಾನ. ಬಳಿಕ ಪಂಕ್ತಿಯಲ್ಲಿ ಕುಳಿತು, ಎಡಬಲದಲ್ಲಿರುವವರು ಯಾರೆಂದು ವಿಚಾರಿಸದೆ, ದಾಸೋಹದ ಪ್ರಸಾದವನ್ನು ನಿಧಾನವಾಗಿ ಉಣ್ಣುತ್ತೇನೆ. ಆ ಹೊತ್ತಿನಲ್ಲಿ ಉದ್ರಿಯೂ ಇಲ್ಲ, ಬಾಕಿಯೂ ಇಲ್ಲ.

ಎಲ್ಲ ವರ್ತಕ, ಉದ್ಯಮಿ ಬಂಧುಗಳ ವ್ಯವಹಾರ ವೃದ್ಧಿಯಾಗಲಿ. ಜೊತೆಗೆ ಪ್ರತಿದಿನದ ಆಖೈರಿಗೆ ಮನದ ಶಿಲ್ಕಿನಲ್ಲಿ ಒಂದಿಷ್ಟು ನೆಮ್ಮದಿಯೂ ಉಳಿಯಲಿ ಎಂದು ಹಾರೈಸುತ್ತೇನೆ.